ಬಾಲದಲ್ಲಿ ಕೊಂಬಿರುವ ಹುಳು ಕುಟುಕುತ್ತಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ಹತ್ತಿರದ ಹಳ್ಳಿ, ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಅಂಗಳದ ನಂದಿಬಟ್ಟಲು ಗಿಡದಲ್ಲಿ ಬೆರಳು ಗಾತ್ರದ ಹಸಿರು ಹುಳು ಸಿಕ್ಕಿತು. ತಲೆ ಹತ್ತಿರ ಎರಡು ನೀಲಿ ಕಣ್ಣು, ಬಾಲದಲ್ಲಿ ಕೊಂಬು. ಕೊಂಬಿನಿಂದ ಕುಟುಕುತ್ತೆ, ವಿಷ ಅಂತಾರೆ ನಮ್ಮ ಅತ್ತೆ. ಮೂರು ದಿನ ಬಿಟ್ಟು ನೋಡಿದರೆ ಅದಿಲ್ಲ, ಅಷ್ಟೇ ದೊಡ್ಡ ಕಂದು ಹುಳು ನೆಲದ ಮೇಲೆ ಓಡಾಡುತ್ತಿತ್ತು. ಇದು ಬೇರೇದಾ? ಔಷಧಿ ಹೊಡೆಯಬೇಕಾ?

ಉತ್ತರ: ಗಿಡದ ಹೆಸರು ಬರೆದಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಎಷ್ಟೋ ಜನ ಹುಳುವಿನ ಫೋಟೊ ಮಾತ್ರ ಕಳಿಸಿ ಏನಿದು ಅಂತ ಕೇಳುತ್ತಾರೆ, ಯಾವ ಗಿಡದಲ್ಲಿತ್ತು ಅಂತ ಹೇಳುವುದೇ ಇಲ್ಲ. ಬಣ್ಣ ನಂಬಿದರೆ ಮೋಸ ಹೋಗುತ್ತೇವೆ, ತಿನ್ನುವ ಎಲೆ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ನಿಮ್ಮ ರೇಷ್ಮೆ ಹುಳು ಹಿಪ್ಪುನೇರಳೆ ಸೊಪ್ಪು ಬಿಟ್ಟು ಹುಣಸೆ ಸೊಪ್ಪು ತಿನ್ನುತ್ತಾ? ಇಲ್ಲ ಅಲ್ವಾ. ಹಾಗೇ ನಂದಿಬಟ್ಟಲು ಅಥವಾ ಕಣಗಿಲೆ ಗಿಡ, ನೀಲಿ ಕಣ್ಣು, ಬಾಲದ ಕೊಂಬು ಮೂರೂ ಸೇರಿದರೆ ಅದು ಓಲಿಯಾಂಡರ್ ಹಾಕ್ ಮಾತ್ ಅನ್ನುವ ಪತಂಗದ ಮರಿ.

ಕೊಂಬು ಮೆತ್ತಗಿರುತ್ತದೆ, ಕುಟುಕುವುದಿಲ್ಲ. ಇವತ್ತು ತಟ್ಟೆಯಲ್ಲಿರುವ ನಿಮ್ಮ ರೇಷ್ಮೆ ಹುಳುವನ್ನೇ ಒಂದು ಸಲ ನೋಡಿ, ಅದರ ಬಾಲದ ಮೇಲೂ ಚಿಕ್ಕ ಕೊಂಬಿದೆ. ದಿನಾ ಕೈಯಲ್ಲಿ ಹಿಡಿದರೂ ಯಾರಿಗೂ ಚುಚ್ಚಿಲ್ಲ. ನೀಲಿ ಕಣ್ಣು ಕಣ್ಣೇ ಅಲ್ಲ, ಬರೀ ಮಚ್ಚೆ. ನಿಜವಾದ ತಲೆ ಅದರ ಮುಂದೆ ಪುಟ್ಟದಾಗಿ ಇದೆ. ಮುಟ್ಟಿದರೆ ಹುಳು ತಲೆ ಒಳಗೆಳೆದುಕೊಂಡು ಮೈ ಉಬ್ಬಿಸುತ್ತದೆ, ಆಗ ಮಚ್ಚೆ ದೊಡ್ಡ ಕಣ್ಣಿನ ಹಾಗೆ ಕಂಡು ಹಕ್ಕಿ ಬೆದರುತ್ತದೆ.

ನೆಲದ ಮೇಲೆ ಕಂಡ ಕಂದು ಹುಳುವೂ ಹೆಚ್ಚುಕಡಿಮೆ ಅದೇ. ರೇಷ್ಮೆ ಹುಳು ಹಣ್ಣಾದಾಗ, ಅಂದರೆ ಮೇಯುವುದು ಮುಗಿದಾಗ, ಮೈ ಹಳದಿಯಾಗಿ ಹೊಳೆಯುತ್ತದೆ, ಆಗ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡುತ್ತೀರಲ್ಲ, ಇದೂ ಹಾಗೆ ಹಣ್ಣಾಗುತ್ತದೆ, ಆದರೆ ಕಂದಾಗುತ್ತದೆ. ಆಮೇಲೆ ಗಿಡದಿಂದ ಇಳಿದು ಒಣ ಎಲೆಗಳ ನಡುವೆ ಕೋಶವಾಗುತ್ತದೆ. ಮೊಟ್ಟೆಯಿಂದ ಬಂದಾಗಲಂತೂ ಅದು ಹಳದಿ, ಕೊಂಬು ಉದ್ದ, ಕಪ್ಪು. ಮೂರನ್ನೂ ಬೇರೆ ಬೇರೆ ದಿನ ನೋಡಿದವರು ಮೂರು ಜಾತಿ ಅಂತಲೇ ಅಂದುಕೊಳ್ಳುತ್ತಾರೆ.

ಔಷಧಿ ಮಾತ್ರ ದಯವಿಟ್ಟು ಹೊಡೆಯಬೇಡಿ. ಗಾಳಿಗೆ ಹಿಪ್ಪುನೇರಳೆ ತೋಟಕ್ಕೆ ತೂರಿದರೆ ಆ ಸೊಪ್ಪು ತಿಂದ ನಿಮ್ಮ ಹುಳುಗಳೇ ಸಾಯುತ್ತವೆ. ನಂದಿಬಟ್ಟಲು ನಾಲ್ಕು ಎಲೆ ಕಳೆದುಕೊಂಡರೆ ಮತ್ತೆ ಚಿಗುರುತ್ತದೆ. ಗಿಡದ ಬುಡದ ಕಸ ಒಂದಷ್ಟು ದಿನ ಗುಡಿಸಬೇಡಿ, ಮುಸ್ಸಂಜೆ ಹೂವಿನ ಮುಂದೆ ನಿಂತಲ್ಲೇ ಹಾರುವ ಹಸಿರು ಪತಂಗ ಕಂಡರೂ ಕಾಣಬಹುದು, ಅಷ್ಟು ಚೆಂದದ್ದು ನಮ್ಮ ಕಡೆ ಅಪರೂಪ.

ಪ್ರಶ್ನೆ: ಗುಬ್ಬಿಯಲ್ಲಿ ನಮ್ಮ ಮನೆಯ ನುಗ್ಗೆ ಮರದ ಬೊಡ್ಡೆಗೆ ಕಂಬಳಿಹುಳುಗಳು ಗುಂಪಾಗಿ ಅಂಟಿಕೊಂಡಿವೆ. ಇವನ್ನೂ ಸುಮ್ನೆ ಬಿಡಬಹುದಾ?

ಉತ್ತರ: ಇವನ್ನು ಬಿಡಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ. ನುಗ್ಗೆಯ ಕಂಬಳಿಹುಳು ಎಲೆ ಎಲ್ಲಾ ಬೋಳಿಸುತ್ತದೆ, ಕೂದಲು ತಾಗಿದರೆ ತುರಿಕೆ ಜಾಸ್ತಿ. ಗುಂಪಾಗಿರುವಾಗಲೇ ತುಂಬು ತೋಳಿನ ಅಂಗಿ ಹಾಕಿಕೊಂಡು ಉದ್ದ ಪೊರಕೆಯಿಂದ ಸೋಪು ನೀರಿನ ಬಕೆಟ್ಟಿಗೆ ಕೆಡವಿ. ಮೈಗೆ ತಾಗಿದರೆ ಉಜ್ಜಬೇಡಿ, ಅಂಟು ಟೇಪು ಒತ್ತಿ ಕಿತ್ತರೆ ಕೂದಲು ಬರುತ್ತದೆ, ಆಮೇಲೆ ತೊಳೆಯಿರಿ. ಕಣ್ಣಿಗೆ ಬಿದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.