ಕಾರಣ ಸಿಗುವ ತನಕ ಕಾಯಬೇಕೇ?

ರಾಣೆಬೆನ್ನೂರಿನಿಂದ ಬರೆದ ಸಹೋದರಿಗೆ,

ಐದು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ, ನಸುಕಿನ ಮೂರಕ್ಕೇ ಎಚ್ಚರ, ರೊಟ್ಟಿ ಬಡಿಯಲು ಕೂತರೆ ಕೈ ಏಳುವುದಿಲ್ಲ ಎಂದಿದ್ದೀರಿ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದರೆ ಏರುವ ಅಂಕಿ) 6.2, ವಿಟಮಿನ್ ಬಿ12 240. ಒಬ್ಬ ಡಾಕ್ಟರು ‘ಇದರಿಂದಲೇ ಇರಬಹುದು’ ಅಂದರು, ಇನ್ನೊಬ್ಬರು ‘ಇದೇನೂ ಅಲ್ಲ’ ಅಂದರು. ಮನೆಯವರು ‘ಸುಮ್ನೆ ವಿಚಾರ ಮಾಡ್ತಿ’ ಅಂತಾರೆ. ಕಾರಣವೇ ಗೊತ್ತಾಗದೆ ಖಿನ್ನತೆಗೆ ಔಷಧ ತಗೊಳ್ಳೋದು ಸರಿಯೇ ಎಂದು ಕೇಳಿದ್ದೀರಿ.

ಮೊದಲು ಇನ್ನೊಂದು ಮಾತು. ‘ಇದ್ದೂ ಏನು ಉಪಯೋಗ’ ಎಂದು ಬರೆದು ಹೊಡೆದುಹಾಕಿದ್ದೀರಿ. ಅದನ್ನು ಓದಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತೇ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ಪ್ರಶ್ನೆ. ನಾನು ಡಾಕ್ಟರಲ್ಲ, ಆದರೂ ಹೇಳುತ್ತೇನೆ: ಕಾಯಬೇಡಿ. ಥೈರಾಯ್ಡ್, ಬಿ12, ರಕ್ತ ಕಡಿಮೆಯಾದರೆ ಮನಸ್ಸು ಕುಗ್ಗುವುದು ನಿಜ. ಆದರೆ ನಿಮ್ಮ ಅಂಕಿಗಳು ಗಡಿಯ ಮೇಲಿವೆ. ಬಿ12 ಸಾಮಾನ್ಯವಾಗಿ 200ರ ಕೆಳಗೆ ಇಳಿದರೆ ಕೊರತೆ ಅನ್ನುತ್ತಾರೆ. ಟಿಎಸ್‌ಎಚ್ 10 ದಾಟದಿದ್ದರೆ ಮಾತ್ರೆ ಬರೆಯಲು ಅನೇಕರು ಹಿಂದೆಮುಂದೆ ನೋಡುತ್ತಾರೆ. ಇಬ್ಬರು ಡಾಕ್ಟರೂ ಸುಳ್ಳು ಹೇಳಿಲ್ಲ, ಅಲ್ವಾ? ಎರಡು-ಮೂರು ತಿಂಗಳು ಬಿಟ್ಟು ಥೈರಾಯ್ಡ್ ಮತ್ತೊಮ್ಮೆ ನೋಡಿಸಿ. ಬಿ12 ತಗೊಂಡು ನೋಡುವುದರಲ್ಲಿ ಅಪಾಯ ಕಡಿಮೆ. ಆದರೆ ಕ್ಲಿನಿಕ್ಕಿನಲ್ಲಿ ‘ಶಕ್ತಿ ಇಂಜೆಕ್ಷನ್’ ಚುಚ್ಚಿಸಿಕೊಂಡ ಮೇಲೆ ರಕ್ತ ಕೊಟ್ಟರೆ ಅಂಕಿ ಏರಿರುತ್ತದೆ, ಮೊದಲಿದ್ದ ಕೊರತೆ ಕಾಣುವುದಿಲ್ಲ.

ಖಿನ್ನತೆ ಹೌದೋ ಅಲ್ಲವೋ ಎಂದು ಹೇಳುವ ರಕ್ತ ಪರೀಕ್ಷೆಯೇ ಇಲ್ಲ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿ ಖಿನ್ನತೆ ಬರುತ್ತದೆ ಎಂಬ ವಿವರಣೆಗೂ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೂ ಮಾತ್ರೆಯಿಂದ, ಆಪ್ತಸಮಾಲೋಚನೆಯಿಂದ ಎಷ್ಟೋ ಜನ ಚೇತರಿಸಿಕೊಂಡಿದ್ದಾರೆ. 1950ರ ದಶಕದಲ್ಲಿ ಕ್ಷಯಕ್ಕೆಂದು ಐಪ್ರೊನಿಯಾಜಿಡ್ ಎಂಬ ಔಷಧ ಕೊಟ್ಟರೆ ರೋಗಿಗಳು ಲವಲವಿಕೆಯಿಂದ ಓಡಾಡತೊಡಗಿದರು. ಗುಣ ಮೊದಲು ಕಂಡಿತು, ಯಾಕೆ ಎಂದು ಆಮೇಲೆ ಹುಡುಕಿದರು.

ಮಾತ್ರೆ ಬರೆದುಕೊಟ್ಟರೆ ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಎಂಟು ದಿನಕ್ಕೇ ಬೇಸತ್ತು ಬಿಡಬೇಡಿ. ಆರಾಮಾಯಿತೆಂದು ತಟ್ಟನೆ ನಿಲ್ಲಿಸಲೂಬೇಡಿ. ನಿದ್ದೆ ಎಷ್ಟು ಬಂತು, ಊಟ ಸೇರಿತೇ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋಗಿ. ಡಾಕ್ಟರಿಗೆ ಅದು ಬೇಕಾಗುತ್ತದೆ.

ನಮ್ಮ ಕಡೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅನ್ನುವುದು ಚೇಷ್ಟೆಯ ಮಾತು. ಅದಕ್ಕೆ ಹೆದರಿ ಬೇನೆ ನುಂಗಿಕೊಂಡು ಕೂತವರು ಎಷ್ಟೋ. ಅಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದವರನ್ನೆಲ್ಲ ಅಡ್ಮಿಟ್ ಮಾಡಿಕೊಳ್ಳುವುದಿಲ್ಲ, ತೋರಿಸಿ ಚೀಟಿ ಬರೆಸಿಕೊಂಡು ವಾಪಸ್ ಬರುವವರೇ ಜಾಸ್ತಿ. ಎಲ್ಲ ರಿಪೋರ್ಟುಗಳನ್ನೂ ಒಯ್ಯಿರಿ. ಮನೆಯವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.

– ಸಂಪಾದಕ