ಪ್ರಶ್ನೋತ್ತರ: ವೆಬ್ ಅಪ್ಲಿಕೇಶನ್ ಕಟ್ಟುವವರ ದಿನನಿತ್ಯದ ತೊಡಕುಗಳು

ಈ ಸಲದ ಅಂಕಣಕ್ಕೆ ಏಳು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಪ್ರಶ್ನೆಗಳು ಬೇರೆ ಬೇರೆಯಾದರೂ ಹೆಚ್ಚಿನ ಪತ್ರಗಳಲ್ಲಿ "ಏನೇನೋ ಬದಲಿಸಿ ನೋಡಿದೆ, ಸರಿಹೋಗಲಿಲ್ಲ" ಎಂಬ ಮಾತಿತ್ತು. ಆದ್ದರಿಂದ ಪರಿಹಾರವನ್ನು ಹೇಳುವ ಮುನ್ನ, ನಿಜವಾಗಿ ನಡೆಯುತ್ತಿರುವುದನ್ನು ಎಲ್ಲಿ ನೋಡಬೇಕು ಎಂಬುದನ್ನು ತಿಳಿಸಲು ಯತ್ನಿಸಿದ್ದೇನೆ.

ಪ್ರಶ್ನೆ: ಹೊಸ ಆವೃತ್ತಿಯನ್ನು ಸರ್ವರ್‌ಗೆ ಏರಿಸಿದ ಮೇಲೂ ಕೆಲವು ಬಳಕೆದಾರರಿಗೆ ಹಳೆಯ ಪುಟವೇ ಕಾಣುತ್ತದೆ. ನನ್ನ ಬ್ರೌಸರ್‌ನಲ್ಲಿ ಮಾತ್ರ ಎಲ್ಲವೂ ಸರಿಯಾಗಿದೆ. ಪ್ರತಿಯೊಬ್ಬರಿಗೂ "ಕಂಟ್ರೋಲ್ ಮತ್ತು ಎಫ್5 ಒತ್ತಿ" ಎಂದು ಹೇಳಿ ಸಾಕಾಗಿದೆ.

ಉತ್ತರ: ನಿಮ್ಮ ಬ್ರೌಸರ್‌ನಲ್ಲಿ ಸರಿಯಾಗಿ ಕಾಣುವುದಕ್ಕೆ ಬಹುಶಃ ಒಂದು ಸಣ್ಣ ಕಾರಣವಿದೆ. ಡೆವಲಪರ್ ಟೂಲ್ಸ್‌ನ (ಪುಟದ ಒಳಗಿನ ಕೆಲಸವನ್ನು ತೋರಿಸುವ ಬ್ರೌಸರ್‌ನ ಕಿಟಕಿ) ನೆಟ್‌ವರ್ಕ್ ವಿಭಾಗದಲ್ಲಿ "ಡಿಸೇಬಲ್ ಕ್ಯಾಶ್" ಎಂಬ ಚೌಕಕ್ಕೆ ನೀವು ಎಂದೋ ಗುರುತು ಹಾಕಿರಬೇಕು. ಆ ಕಿಟಕಿ ತೆರೆದಿರುವಷ್ಟು ಹೊತ್ತೂ ಬ್ರೌಸರ್ ತಾನು ಕೂಡಿಟ್ಟ ಪ್ರತಿಯನ್ನು ಮುಟ್ಟದೆ ಎಲ್ಲವನ್ನೂ ಸರ್ವರ್‌ನಿಂದಲೇ ತರಿಸಿಕೊಳ್ಳುತ್ತದೆ. ಗುರುತನ್ನು ತೆಗೆದು, ಪುಟವನ್ನು ಬಳಕೆದಾರರಂತೆಯೇ ತೆರೆದು, ಪ್ರತಿ ಫೈಲಿನ ಸಾಲಿನಲ್ಲಿ ಏನು ಬರೆದಿದೆ ಎಂದು ನೋಡಿ. "ಡಿಸ್ಕ್ ಕ್ಯಾಶ್" ಅಥವಾ "ಮೆಮೊರಿ ಕ್ಯಾಶ್" ಎಂದಿದ್ದರೆ ಬ್ರೌಸರ್ ಸರ್ವರನ್ನು ಕೇಳಿಯೇ ಇಲ್ಲ. 304 ಎಂದಿದ್ದರೆ ಕೇಳಿದೆ, ಸರ್ವರ್ "ಬದಲಾಗಿಲ್ಲ" ಎಂದು ಉತ್ತರಿಸಿದೆ.

ಎಚ್‌ಟಿಎಂಎಲ್ ಪುಟಕ್ಕೂ ಅದು ಕರೆಯುವ ಜಾವಾಸ್ಕ್ರಿಪ್ಟ್, ಸಿಎಸ್‌ಎಸ್ ಫೈಲುಗಳಿಗೂ ಬೇರೆ ಬೇರೆ ನಿಯಮ ಬೇಕು. ವೀಟ್, ವೆಬ್‌ಪ್ಯಾಕ್‌ನಂತಹ ಬಿಲ್ಡ್ ಉಪಕರಣಗಳು (ಕೋಡನ್ನು ಪ್ರಕಟಣೆಗೆ ಸಿದ್ಧಗೊಳಿಸುವಂಥವು) ಫೈಲಿನ ಹೆಸರಿಗೆ ಅದರ ಒಳಗಿನ ವಿಷಯದಿಂದಲೇ ಲೆಕ್ಕಹಾಕಿದ ಒಂದು ಹ್ಯಾಶ್ (ಅಕ್ಷರ-ಅಂಕಿಗಳ ಗುರುತು) ಸೇರಿಸಬಲ್ಲವು. ವಿಷಯ ಬದಲಾದರೆ ಹೆಸರೂ ಬದಲಾಗುತ್ತದೆ. ಅಂಥ ಫೈಲುಗಳಿಗೆ ಒಂದು ವರ್ಷದ, ಅಂದರೆ 31536000 ಸೆಕೆಂಡುಗಳ ಮ್ಯಾಕ್ಸ್-ಏಜ್ (ಪ್ರತಿಯನ್ನು ಮತ್ತೆ ಕೇಳದೆ ಬಳಸಬಹುದಾದ ಅವಧಿ) ಕೊಟ್ಟರೂ ಅಪಾಯವಿಲ್ಲ. ಎಚ್‌ಟಿಎಂಎಲ್ ಪುಟದ ಹೆಸರು ಬದಲಾಗುವುದಿಲ್ಲವಾದ್ದರಿಂದ ಅದಕ್ಕೆ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ (ಉತ್ತರದ ಜೊತೆ ಹೋಗುವ ಸೂಚನೆಯ ಸಾಲು) "ನೋ-ಕ್ಯಾಶ್" ಎಂದು ಕೊಡಿ. ಈ ಹೆಸರು ಅನೇಕರನ್ನು ದಾರಿ ತಪ್ಪಿಸಿದೆ. ಪ್ರತಿಯನ್ನು ಇಟ್ಟುಕೊಳ್ಳಬೇಡ ಎಂದು ಅದರ ಅರ್ಥವಲ್ಲ. ಇಟ್ಟುಕೋ, ಆದರೆ ಬಳಸುವ ಮೊದಲು ಪ್ರತಿಸಲವೂ ನನ್ನನ್ನು ಕೇಳು ಎಂದರ್ಥ. ಇಟ್ಟುಕೊಳ್ಳಲೇಬೇಡ ಎನ್ನಲು "ನೋ-ಸ್ಟೋರ್" ಇದೆ, ಅದು ಖಾಸಗಿ ಮಾಹಿತಿಯಿರುವ ಪುಟಗಳಿಗೆ ತಕ್ಕುದು.

ಇನ್ನೊಂದು ಎಚ್ಚರಿಕೆ. ಹೊಸ ಆವೃತ್ತಿ ಏರಿಸುವಾಗ ಹಳೆಯ ಹ್ಯಾಶ್ ಹೆಸರಿನ ಫೈಲುಗಳನ್ನು ಒಡನೆಯೇ ಅಳಿಸಬೇಡಿ. ಬೆಳಿಗ್ಗೆಯಿಂದ ಪುಟವನ್ನು ತೆರೆದಿಟ್ಟುಕೊಂಡವರು ಮಧ್ಯಾಹ್ನ ಒಂದು ಮೆನು ಒತ್ತಿದಾಗ ಅವರ ಬ್ರೌಸರ್ ಹಳೆಯ ಹೆಸರನ್ನೇ ಕೇಳುತ್ತದೆ. ಅದು ಅಲ್ಲಿಲ್ಲದಿದ್ದರೆ 404 (ಸಿಗಲಿಲ್ಲ) ಬಂದು ಪುಟ ಖಾಲಿಯಾಗುತ್ತದೆ. ಅಪ್ಲಿಕೇಶನ್‌ನಲ್ಲಿ ಸರ್ವಿಸ್ ವರ್ಕರ್ (ಪುಟಕ್ಕೂ ಸರ್ವರ್‌ಗೂ ನಡುವೆ ಬ್ರೌಸರ್‌ನಲ್ಲಿ ಓಡುವ ಸ್ಕ್ರಿಪ್ಟ್) ಇದ್ದರೆ, ಹಳೆಯ ಪ್ರತಿಯನ್ನು ಅದೇ ಕೊಡುತ್ತಿರಬಹುದು. ಅದನ್ನೂ ಡೆವಲಪರ್ ಟೂಲ್ಸ್‌ನ ಅಪ್ಲಿಕೇಶನ್ ವಿಭಾಗದಲ್ಲಿ ಒಮ್ಮೆ ನೋಡಿ.

ಪ್ರಶ್ನೆ: ನನ್ನ ಎಪಿಐಗೆ (ಪ್ರೋಗ್ರಾಂಗಳು ಮಾಹಿತಿ ಕೇಳುವ ಸರ್ವರ್‌ನ ಬಾಗಿಲು) ಕರ್ಲ್‌ನಿಂದ (ಆಜ್ಞೆ ಟೈಪಿಸಿ ಕರೆ ಕಳುಹಿಸುವ ಉಪಕರಣ) ಕರೆ ಮಾಡಿದರೆ ಉತ್ತರ ಬರುತ್ತದೆ. ಅದೇ ಕರೆಯನ್ನು ಬ್ರೌಸರ್‌ನಿಂದ ಮಾಡಿದರೆ ಕಾರ್ಸ್ (ಬೇರೆ ಮೂಲದ ಉತ್ತರ ಓದಲು ಅನುಮತಿ ಕೊಡುವ ನಿಯಮ) ದೋಷ ತೋರುತ್ತದೆ. ಸರ್ವರ್ ಸರಿಯಿದೆ ಎಂದಲ್ಲವೇ?

ಉತ್ತರ: ಹಾಗೆ ಹೇಳಲಾಗದು. ಬೇರೊಂದು ಮೂಲದ ಉತ್ತರವನ್ನು ಪುಟದ ಸ್ಕ್ರಿಪ್ಟ್ ಓದಬಹುದೇ ಎಂದು ನಿರ್ಧರಿಸುವುದು ಬ್ರೌಸರ್. ಕರ್ಲ್‌ಗೆ ಆ ಕಟ್ಟುಪಾಡೇ ಇಲ್ಲ. ಪ್ರೋಟೊಕಾಲ್, ಹೋಸ್ಟ್, ಪೋರ್ಟ್ ಈ ಮೂರರಲ್ಲಿ ಒಂದು ಬೇರೆಯಾದರೂ ಬ್ರೌಸರ್‌ನ ಕಣ್ಣಿಗೆ ಅದು ಬೇರೆ ಮೂಲವೇ. ಲೋಕಲ್‌ಹೋಸ್ಟ್‌ನ 3000ನೇ ಪೋರ್ಟೂ 8000ನೇ ಪೋರ್ಟೂ ಒಂದಲ್ಲ.

ನೆಟ್‌ವರ್ಕ್ ವಿಭಾಗದಲ್ಲಿ ನಿಮ್ಮ ಕರೆಗಿಂತ ಮೊದಲು ಆಪ್ಷನ್ಸ್ ಎಂಬ ವಿಧಾನದ ಒಂದು ಕರೆ ಹೋಗಿದೆಯೇ ನೋಡಿ. ಜೇಸನ್ ರೂಪದ ದತ್ತಾಂಶ ಕಳುಹಿಸುವಾಗ ಅಥವಾ ಆಥರೈಸೇಶನ್ ಹೆಡರ್ ಸೇರಿಸಿದಾಗ ಬ್ರೌಸರ್ ಹೀಗೆ ಮುಂಚಿತವಾಗಿ ಅನುಮತಿ ಕೇಳುತ್ತದೆ. ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇಲ್ಲಿಯದೇ: ಈ ಮುಂಗಡ ಕರೆಯಲ್ಲಿ ಲಾಗಿನ್ ಟೋಕನ್ ಇರುವುದಿಲ್ಲ, ಆದರೆ ಸರ್ವರ್‌ನಲ್ಲಿ ಲಾಗಿನ್ ಪರೀಕ್ಷಿಸುವ ಕೋಡ್ ಎಲ್ಲಕ್ಕಿಂತ ಮುಂದೆ ಕುಳಿತು ಅದಕ್ಕೂ 401 (ಲಾಗಿನ್ ಆಗಿಲ್ಲ) ಕೊಟ್ಟುಬಿಡುತ್ತದೆ. ಕಾರ್ಸ್ ನಿಭಾಯಿಸುವ ಕೋಡನ್ನು ಅದಕ್ಕಿಂತ ಮುಂದಕ್ಕೆ ತಂದರೆ ಸಾಕು. ಮತ್ತೊಂದು ಸಾಧ್ಯತೆಯೆಂದರೆ, ಸರ್ವರ್‌ನಲ್ಲಿ ನಿಜವಾಗಿ ಆಗಿರುವುದು 500 ದೋಷ. ಆ ದೋಷದ ಉತ್ತರಕ್ಕೆ ಕಾರ್ಸ್ ಹೆಡರ್ ಸೇರಿರುವುದಿಲ್ಲವಾದ್ದರಿಂದ ಬ್ರೌಸರ್ ಅದನ್ನು ಕಾರ್ಸ್ ದೋಷವೆಂದು ವರದಿ ಮಾಡುತ್ತದೆ. ಆಗ ಸರ್ವರ್ ಲಾಗ್ ನೋಡದೆ ಹೆಡರ್‌ಗಳನ್ನು ಎಷ್ಟು ತಿದ್ದಿದರೂ ಫಲವಿಲ್ಲ.

ಎಲ್ಲ ಮೂಲಗಳಿಗೂ ನಕ್ಷತ್ರ ಚಿಹ್ನೆ ಹಾಕಿ ಅನುಮತಿ ಕೊಡುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಕುಕೀ ಸಹಿತ ಕರೆಗಳಿಗೆ ಅದು ನಡೆಯುವುದೂ ಇಲ್ಲ. ಅಂದಹಾಗೆ, ನೆಟ್‌ವರ್ಕ್ ವಿಭಾಗದಲ್ಲಿ ಕರೆಯ ಮೇಲೆ ಬಲಗುಂಡಿ ಒತ್ತಿದರೆ "ಕಾಪಿ ಆ್ಯಸ್ ಕರ್ಲ್" ಎಂಬ ಆಯ್ಕೆಯಿದೆ. ಬ್ರೌಸರ್ ಕಳುಹಿಸಿದ ಹೆಡರ್‌ಗಳೆಲ್ಲ ಅದರಲ್ಲಿ ಬರುವುದರಿಂದ ಎರಡು ಕರೆಗಳ ನಡುವಿನ ವ್ಯತ್ಯಾಸ ಕೂಡಲೇ ಕಣ್ಣಿಗೆ ಬೀಳುತ್ತದೆ. ಆದರೆ ನಿಮ್ಮ ಕುಕೀಗಳೂ ಅದರಲ್ಲಿರುತ್ತವೆ. ಸಹಾಯ ಕೇಳುವ ಭರದಲ್ಲಿ ಅದನ್ನು ಹಾಗೆಯೇ ಇನ್ನೊಬ್ಬರಿಗೆ ಕಳುಹಿಸಬೇಡಿ.

ಪ್ರಶ್ನೆ: ಆರ್ಡರ್‌ಗಳ ಪಟ್ಟಿ ತೋರಿಸುವ ಪುಟ ನನ್ನ ಯಂತ್ರದಲ್ಲಿ ಥಟ್ಟನೆ ತೆರೆಯುತ್ತದೆ, ಸರ್ವರ್‌ನಲ್ಲಿ ತುಂಬ ನಿಧಾನ. ಸರ್ವರ್‌ನ ಸಾಮರ್ಥ್ಯ ಹೆಚ್ಚಿಸಬೇಕೇ?

ಉತ್ತರ: ಆ ವೆಚ್ಚಕ್ಕೆ ಮುಂದಾಗುವ ಮೊದಲು ಒಂದು ಪುಟ ತೆರೆದಾಗ ಎಷ್ಟು ಕ್ವೆರಿಗಳು (ಡೇಟಾಬೇಸ್‌ಗೆ ಕೊಡುವ ಆಜ್ಞೆಗಳು) ಹೋಗುತ್ತವೆ ಎಂದು ಎಣಿಸಿ. ನೀವು ಬಳಸುವ ಫ್ರೇಮ್‌ವರ್ಕ್‌ನಲ್ಲಿ ಕ್ವೆರಿಗಳನ್ನು ಲಾಗ್‌ಗೆ ಬರೆಸುವ ವ್ಯವಸ್ಥೆ ಇದ್ದೇ ಇರುತ್ತದೆ.

ನಿಮ್ಮ ಪತ್ರದ ಜೊತೆಗಿದ್ದ ಕೋಡಿನ ತುಣುಕನ್ನೇ ತೆಗೆದುಕೊಳ್ಳೋಣ. ಮೊದಲ ಕ್ವೆರಿ 50 ಆರ್ಡರ್‌ಗಳನ್ನು ತರುತ್ತದೆ. ಆಮೇಲೆ ಟೆಂಪ್ಲೇಟ್‌ನ ಲೂಪ್‌ನಲ್ಲಿ ಪ್ರತಿ ಆರ್ಡರ್‌ನ ಗ್ರಾಹಕರ ಹೆಸರನ್ನು ಕೇಳಿದ್ದೀರಿ. ನೋಡಲು ಅದೊಂದು ಮಾಮೂಲಿ ಚುಕ್ಕೆಯ ಬರವಣಿಗೆ, ಆದರೆ ಒಆರ್‌ಎಂ (ಕೋಡಿನ ಬರವಣಿಗೆಯನ್ನು ಕ್ವೆರಿಗಳಾಗಿ ಮಾರ್ಪಡಿಸುವ ಭಾಗ) ಪ್ರತಿ ಸುತ್ತಿಗೂ ಒಂದು ಹೊಸ ಕ್ವೆರಿ ಕಳುಹಿಸುತ್ತದೆ. ಒಟ್ಟು 51 ಆಯಿತು. ನಿಮ್ಮ ಯಂತ್ರದಲ್ಲಿ ಡೇಟಾಬೇಸ್ ಪಕ್ಕದಲ್ಲೇ ಇರುವುದರಿಂದ ಅದು ತಿಳಿಯುವುದಿಲ್ಲ. ಸರ್ವರ್‌ನಲ್ಲಿ ಡೇಟಾಬೇಸ್ ಬೇರೆ ಯಂತ್ರದಲ್ಲಿದ್ದು, ಹೋಗಿಬರಲು 4 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಂಡರೂ ಬರಿಯ ಓಡಾಟಕ್ಕೇ 200 ಮಿಲಿಸೆಕೆಂಡ್ ಮೀರುತ್ತದೆ. ಬೇಕಾದ ಗ್ರಾಹಕರೆಲ್ಲರನ್ನೂ ಒಟ್ಟಿಗೆ ತರಿಸಲು ಜಾಂಗೋದಲ್ಲಿ ಸೆಲೆಕ್ಟ್ ರಿಲೇಟೆಡ್, ರೈಲ್ಸ್‌ನಲ್ಲಿ ಇನ್‌ಕ್ಲೂಡ್ಸ್, ಲಾರವೆಲ್‌ನಲ್ಲಿ ವಿತ್ ಎಂಬ ಸೌಲಭ್ಯಗಳಿವೆ. 51 ಕ್ವೆರಿಗಳು ಒಂದಕ್ಕೋ ಎರಡಕ್ಕೋ ಇಳಿಯುತ್ತವೆ.

ಆ ಬಳಿಕವೂ ನಿಧಾನವೆನಿಸಿದರೆ ಉಳಿದ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಎಂಬ ಪದ ಸೇರಿಸಿ ನಡೆಸಿ. ಪೋಸ್ಟ್‌ಗ್ರೆಸ್‌ನಲ್ಲಿ "ಸೀಕ್ ಸ್ಕ್ಯಾನ್" ಎಂದು ಬಂದರೆ ಕೋಷ್ಟಕದ ಎಲ್ಲ ಸಾಲುಗಳನ್ನೂ ಓದಲಾಗುತ್ತಿದೆ ಎಂದರ್ಥ. ಇಲ್ಲಿ ಎಡವುವ ಜಾಗವೊಂದಿದೆ: ನಿಮ್ಮ ಯಂತ್ರದ ಕೋಷ್ಟಕದಲ್ಲಿ ಇಪ್ಪತ್ತು ಸಾಲುಗಳಷ್ಟೇ ಇದ್ದರೆ, ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇದ್ದರೂ ಡೇಟಾಬೇಸ್ ಅದನ್ನು ಬಳಸದೆ ಎಲ್ಲವನ್ನೂ ಓದುವುದೇ ಅಗ್ಗವೆಂದು ತೀರ್ಮಾನಿಸುತ್ತದೆ. ಆದ್ದರಿಂದ ಪರೀಕ್ಷೆಯ ಕೋಷ್ಟಕವನ್ನು ಕೃತಕ ದತ್ತಾಂಶದಿಂದಲಾದರೂ ಕೆಲವು ಲಕ್ಷ ಸಾಲುಗಳಿಗೆ ತುಂಬಿಸಿಕೊಳ್ಳಿ. ಎರಡು ಕಾಲಮ್‌ಗಳ ಇಂಡೆಕ್ಸ್‌ನಲ್ಲಿ ಕ್ರಮ ಮುಖ್ಯ. ಗ್ರಾಹಕ, ದಿನಾಂಕ ಎಂಬ ಕ್ರಮದ ಇಂಡೆಕ್ಸ್ ಒಬ್ಬ ಗ್ರಾಹಕರ ಆರ್ಡರ್‌ಗಳನ್ನು ದಿನಾಂಕದ ಕ್ರಮದಲ್ಲಿ ತರಲು ಚೆನ್ನಾಗಿ ನೆರವಾಗುತ್ತದೆ, ಬರಿಯ ದಿನಾಂಕದಿಂದ ಹುಡುಕುವಾಗ ಸಾಮಾನ್ಯವಾಗಿ ನೆರವಾಗುವುದಿಲ್ಲ.

ನಾನೊಮ್ಮೆ ಒಂದು ಡಿಲೀಟ್ ಕ್ವೆರಿ ಏಕೆ ನಿಧಾನವೆಂದು ತಿಳಿಯಲು ಅದರ ಮುಂದೆ ಎಕ್ಸ್‌ಪ್ಲೇನ್ ಅನಲೈಸ್ ಬರೆದು ನಡೆಸಿದೆ. ಬರಿಯ ಎಕ್ಸ್‌ಪ್ಲೇನ್ ಯೋಜನೆಯನ್ನಷ್ಟೇ ಹೇಳುತ್ತದೆ. ಅನಲೈಸ್ ಸೇರಿಸಿದರೆ ಕ್ವೆರಿ ನಿಜವಾಗಿಯೂ ನಡೆಯುತ್ತದೆ. ಸಾಲುಗಳು ಅಳಿಸಿಹೋದವು. ಪರೀಕ್ಷೆಯ ಡೇಟಾಬೇಸ್ ಆಗಿದ್ದರಿಂದ ಮತ್ತೆ ತುಂಬಿಸಲು ಅರ್ಧ ದಿನ ಹಿಡಿಯಿತು, ಅಷ್ಟೇ. ಅಂದಿನಿಂದ ಬಿಗಿನ್ ಎಂದು ಆರಂಭಿಸಿ, ನೋಡಿದ ಮೇಲೆ ರೋಲ್‌ಬ್ಯಾಕ್ ಕೊಟ್ಟು ಬದಲಾವಣೆಯನ್ನು ರದ್ದುಮಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಪ್ರಶ್ನೆ: ಒಂದು ತಿಂಗಳ ಹಿಂದೆ ಸರಿಯಿದ್ದ ಫಾರ್ಮ್ ಈಗ ಕೆಟ್ಟಿದೆ. ನಡುವೆ ಸುಮಾರು 300 ಕಮಿಟ್‌ಗಳು (ದಾಖಲಾದ ಕೋಡ್ ಬದಲಾವಣೆಗಳು) ಆಗಿವೆ. ಯಾವುದರಿಂದ ಕೆಟ್ಟಿತು ಎಂದು ಕಂಡುಹಿಡಿಯುವುದು ಹೇಗೆ?

ಉತ್ತರ: ಕೋಡಿನ ಇತಿಹಾಸವನ್ನು ಕಾಯ್ದಿಡುವ ಗಿಟ್ ಉಪಕರಣದಲ್ಲಿ ಬೈಸೆಕ್ಟ್ ಎಂಬ ಆಜ್ಞೆ ಇರುವುದೇ ಇದಕ್ಕಾಗಿ. ಆರಂಭಿಸಿ, ಈಗಿನ ಸ್ಥಿತಿಯನ್ನು "ಬ್ಯಾಡ್" ಎಂದೂ, ಸರಿಯಿದ್ದುದು ಖಚಿತವಾಗಿ ಗೊತ್ತಿರುವ ಹಳೆಯ ಕಮಿಟನ್ನು "ಗುಡ್" ಎಂದೂ ಹೇಳಿ. ಗಿಟ್ ನಡುವಿನ ಕಮಿಟ್ ಒಂದನ್ನು ತೆರೆದುಕೊಡುತ್ತದೆ. ನೀವು ಫಾರ್ಮ್ ಪರೀಕ್ಷಿಸಿ ಸರಿಯೋ ತಪ್ಪೋ ಹೇಳುತ್ತೀರಿ. ಪ್ರತಿ ಉತ್ತರಕ್ಕೂ ಉಳಿದದ್ದು ಅರ್ಧವಾಗುತ್ತದೆ. ಹೀಗಾಗಿ 300 ಕಮಿಟ್‌ಗಳಿಗೆ ಎಂಟೊಂಬತ್ತು ಪರೀಕ್ಷೆ ಸಾಕು. ದೋಷವನ್ನು ಹಿಡಿಯುವ ಒಂದು ಸ್ಕ್ರಿಪ್ಟ್ ಇದ್ದರೆ "ಬೈಸೆಕ್ಟ್ ರನ್" ಎಂದು ಅದನ್ನೇ ಒಪ್ಪಿಸಬಹುದು: ಸ್ಕ್ರಿಪ್ಟ್ 0 ಹಿಂದಿರುಗಿಸಿದರೆ ಸರಿ, 1 ಆದರೆ ತಪ್ಪು, ಬಿಲ್ಡ್ ಆಗದಂಥ ಕಮಿಟ್‌ಗೆ 125 ಕೊಟ್ಟರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಮುಗಿದ ಮೇಲೆ "ಬೈಸೆಕ್ಟ್ ರೀಸೆಟ್" ಮರೆಯಬೇಡಿ. ಸಿಕ್ಕಿದ ಕಮಿಟ್‌ನಲ್ಲಿ ನಲವತ್ತು ಫೈಲುಗಳು ಒಟ್ಟಿಗೆ ಬದಲಾಗಿದ್ದರೆ ಶ್ರಮವೆಲ್ಲ ಅರ್ಧಕ್ಕೇ ನಿಲ್ಲುತ್ತದೆ. ಒಂದು ಕಮಿಟ್‌ಗೆ ಒಂದೇ ವಿಷಯ ಇರಲಿ ಎಂದು ನಾನು ತಂಡದವರಲ್ಲಿ ಕೇಳಿಕೊಳ್ಳುವುದು ಈ ಕಾರಣಕ್ಕೇ.

ಪ್ರಶ್ನೆ: ಬಳಕೆದಾರರು 15ನೇ ತಾರೀಖು ಆರಿಸಿದರೆ ಡೇಟಾಬೇಸ್‌ನಲ್ಲಿ 14 ಎಂದು ಸೇರುತ್ತದೆ. ಒಂದು ದಿನ ಕೂಡಿಸಿ ಸರಿಪಡಿಸಿದ್ದೇನೆ. ಇದು ಸರಿಯೇ?

ಉತ್ತರ: ಸರಿಯಲ್ಲ, ಆ ಸಾಲನ್ನು ಇಂದೇ ತೆಗೆಯಿರಿ. ನೀವು ಸ್ಥಳೀಯ ಸಮಯದ ಮಧ್ಯರಾತ್ರಿಯ ಡೇಟ್ ವಸ್ತುವನ್ನು ಕಟ್ಟಿ, ಅದನ್ನು ಟು-ಐಎಸ್‌ಒ-ಸ್ಟ್ರಿಂಗ್‌ನಿಂದ ಪಠ್ಯವಾಗಿಸುತ್ತಿದ್ದೀರಿ. ಅದು ಯಾವಾಗಲೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯ) ಪರಿವರ್ತಿಸುತ್ತದೆ. ಗ್ರೀನ್‌ವಿಚ್‌ಗಿಂತ ಪೂರ್ವದ ಸಮಯ ವಲಯದಲ್ಲಿ ಸ್ಥಳೀಯ ಮಧ್ಯರಾತ್ರಿಯಾದಾಗ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನವೇ ಇರುತ್ತದೆ. ಒಂದು ದಿನ ಕೂಡಿಸಿದರೆ ಪಶ್ಚಿಮದ ವಲಯಗಳ ಬಳಕೆದಾರರಿಗೆ 16 ಎಂದಾಗುತ್ತದೆ. ಹುಟ್ಟಿದ ದಿನ, ರಜೆಯ ದಿನದಂಥವು ಗಡಿಯಾರದ ಕ್ಷಣಗಳಲ್ಲ, ಪಂಚಾಂಗದ ದಿನಗಳು. ಇನ್‌ಪುಟ್ ಪೆಟ್ಟಿಗೆ ಕೊಡುವ ವರ್ಷ, ತಿಂಗಳು, ದಿನದ ಪಠ್ಯವನ್ನು ಡೇಟ್ ವಸ್ತುವಾಗಿಸದೆ ಹಾಗೆಯೇ ಕಳುಹಿಸಿ, ಡೇಟಾಬೇಸ್‌ನ ಡೇಟ್ ಮಾದರಿಯ ಕಾಲಮ್‌ನಲ್ಲಿ ಇಡಿ. ಹಣ ಪಾವತಿಯಾದ ಹೊತ್ತಿನಂಥ ಕ್ಷಣಗಳನ್ನು ಮಾತ್ರ ಯುಟಿಸಿಯಲ್ಲಿ ಇಟ್ಟು, ತೋರಿಸುವಾಗ ಬಳಕೆದಾರರ ವಲಯಕ್ಕೆ ತಿರುಗಿಸಿ.

ಪ್ರಶ್ನೆ: ಶೀರ್ಷಿಕೆಗಳನ್ನು ಹತ್ತು ಅಕ್ಷರಕ್ಕೆ ಕತ್ತರಿಸಿ ತೋರಿಸುತ್ತೇವೆ. ಕನ್ನಡ ಶೀರ್ಷಿಕೆಗಳಲ್ಲಿ ಕೊನೆಯ ಅಕ್ಷರ ಮುರಿದು ಕಾಣುತ್ತದೆ. ಹುಡುಕಾಟದಲ್ಲಿಯೂ ಕೆಲವು ಪದಗಳು ಸಿಗುವುದಿಲ್ಲ.

ಉತ್ತರ: ಇಂಥ ಪ್ರಶ್ನೆ ಬಂದದ್ದು ನನಗೆ ತುಂಬ ಸಂತೋಷ ತಂದಿದೆ, ಏಕೆಂದರೆ ಇದನ್ನು ಗಮನಿಸದೆ ಬಿಡುವವರೇ ಹೆಚ್ಚು. "ರಾಷ್ಟ್ರ" ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಜಾವಾಸ್ಕ್ರಿಪ್ಟ್‌ನಲ್ಲಿ ಅದರ ಉದ್ದ ಕೇಳಿದರೆ 7 ಎನ್ನುತ್ತದೆ: ರ, ಆ ಕಾರದ ಚಿಹ್ನೆ, ಷ, ಹಲಂತ, ಟ, ಹಲಂತ, ರ. ಯುಟಿಎಫ್-8ರಲ್ಲಿ (ಪಠ್ಯವನ್ನು ಬೈಟ್‌ಗಳಾಗಿ ಇಡುವ ರೀತಿ) ಒಂದೊಂದಕ್ಕೂ 3 ಬೈಟ್‌ಗಳಂತೆ 21 ಬೈಟ್ ಬೇಕು. ನಾಲ್ಕಕ್ಕೆ ಕತ್ತರಿಸಿದರೆ ಉಳಿಯುವುದು "ರಾಷ್". ಕತ್ತರಿಸುವ ಕೆಲಸವನ್ನು ಕೋಡಿನಲ್ಲಿ ಮಾಡದೆ ಸಿಎಸ್‌ಎಸ್‌ನ ಟೆಕ್ಸ್ಟ್-ಓವರ್‌ಫ್ಲೋ ಅಥವಾ ಲೈನ್-ಕ್ಲ್ಯಾಂಪ್‌ಗೆ ಬಿಡಿ. ಅವು ಅಕ್ಷರಗಳನ್ನು ಎಣಿಸದೆ, ಪರದೆಯ ಮೇಲೆ ಇರುವ ಜಾಗವನ್ನು ನೋಡಿ ಮೊಟಕುಗೊಳಿಸುತ್ತವೆ.

ಹುಡುಕಾಟದ ಸಮಸ್ಯೆಗೆ ಕಾರಣ ಬೇರೆ. "ಕೊ" ಎಂಬುದನ್ನು ಕ ಮತ್ತು ಒ ಕಾರದ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎ ಕಾರ ಮತ್ತು ಊ ಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನೋಟ ಒಂದೇ ಆದರೂ ಕಂಪ್ಯೂಟರ್‌ಗೆ ಅವೆರಡು ಬೇರೆ ಬೇರೆ ಪಠ್ಯ. ಉಳಿಸುವಾಗಲೂ ಹುಡುಕುವಾಗಲೂ ನಾರ್ಮಲೈಸ್ ಎಂಬ ವಿಧಾನದಿಂದ ಎನ್‌ಎಫ್‌ಸಿ (ಜೋಡಿ ಚಿಹ್ನೆಗಳನ್ನು ಒಂದಾಗಿಸುವ) ರೂಪಕ್ಕೆ ತಂದುಕೊಂಡರೆ ಎರಡೂ ಒಂದಾಗುತ್ತವೆ.

ಪ್ರಶ್ನೆ: ಪಾವತಿ ಸೇವೆಯ ರಹಸ್ಯ ಕೀ ಇರುವ ಫೈಲು ಸಾರ್ವಜನಿಕ ರೆಪೊಸಿಟರಿಗೆ (ಕೋಡಿನ ಸಂಗ್ರಹ) ಹೋಗಿಬಿಟ್ಟಿತ್ತು. ಮುಂದಿನ ಕಮಿಟ್‌ನಲ್ಲಿ ಅಳಿಸಿದ್ದೇನೆ. ಇನ್ನೇನಾದರೂ ಮಾಡಬೇಕೇ?

ಉತ್ತರ: ಇದನ್ನು ಓದಿದ ಕೂಡಲೇ ಆ ಕೀಯನ್ನು ರದ್ದುಮಾಡಿ ಹೊಸದನ್ನು ಪಡೆಯಿರಿ. ಉಳಿದದ್ದೆಲ್ಲ ಆಮೇಲೆ. ಅಳಿಸಿದ ಫೈಲು ಗಿಟ್‌ನ ಇತಿಹಾಸದಲ್ಲಿ ಹಾಗೆಯೇ ಇದೆ, ಬೇರೆಯವರು ಈಗಾಗಲೇ ಪ್ರತಿ ಮಾಡಿಕೊಂಡಿರಲೂಬಹುದು. ಇತಿಹಾಸದಿಂದ ತೆಗೆಯಲು ಗಿಟ್ ಫಿಲ್ಟರ್-ರೆಪೊ ಇದೆ, ಆದರೆ ಅದು ಕೀ ಬದಲಿಸುವುದಕ್ಕೆ ಪರ್ಯಾಯವಲ್ಲ. ಗಿಟ್‌ಇಗ್ನೋರ್‌ಗೆ (ಗಿಟ್ ಕಡೆಗಣಿಸಬೇಕಾದ ಫೈಲುಗಳ ಪಟ್ಟಿ) ಹೆಸರು ಸೇರಿಸಿದರೂ ಈಗಾಗಲೇ ಗಿಟ್ ಗಮನದಲ್ಲಿರುವ ಫೈಲಿಗೆ ಅದು ತಗಲುವುದಿಲ್ಲ. "ಆರ್‌ಎಂ" ಆಜ್ಞೆಗೆ "ಕ್ಯಾಶ್ಡ್" ಸೇರಿಸಿ ಅದನ್ನು ಮೊದಲು ಹೊರತೆಗೆಯಬೇಕು. ಜೊತೆಗೆ, ಬಿಲ್ಡ್ ಆದ ಜಾವಾಸ್ಕ್ರಿಪ್ಟ್ ಫೈಲನ್ನು ಬ್ರೌಸರ್‌ನಲ್ಲಿ ತೆರೆದು ಆ ಕೀಯ ಮೊದಲ ಕೆಲವು ಅಕ್ಷರಗಳನ್ನು ಹುಡುಕಿ ನೋಡಿ. ಎನ್‌ವಿ ಫೈಲಿನಲ್ಲಿ (ಸೆಟ್ಟಿಂಗ್‌ಗಳನ್ನು ಇಡುವ ಫೈಲು) ಇಟ್ಟರೆ ಗುಟ್ಟಾಗಿರುತ್ತದೆ ಎಂದು ನಂಬಿ, ಬಿಲ್ಡ್ ಆಗುವಾಗ ಅದು ಫ್ರಂಟ್‌ಎಂಡ್ (ಬ್ರೌಸರ್‌ನಲ್ಲಿ ಓಡುವ) ಕೋಡಿನೊಳಗೇ ಸೇರಿಹೋಗುವುದನ್ನು ಗಮನಿಸದವರು ಬಹಳ ಮಂದಿ. ಅಲ್ಲಿ ಸಿಕ್ಕಿದರೆ, ಪಾವತಿ ಸೇವೆಗೆ ಹೋಗುವ ಕರೆಯನ್ನು ನಿಮ್ಮ ಸರ್ವರ್‌ಗೆ ವರ್ಗಾಯಿಸಿ ಮುಗಿಸಿದ ಮೇಲೆ ಇನ್ನೊಮ್ಮೆ ಕೀ ಬದಲಿಸಿ.