ಹಾವು, ಹಾವುರಾಣಿಗಳನ್ನು ನೋಡಲು ಎಂಥ ಕಲ್ಲುಗಳನ್ನು ಎತ್ತಿ ಹುಡುಕಬೇಕು?

ದಿನವಿಡೀ ಅಲೆದರೂ ಏನೂ ಕಾಣದೆ, ಕೊನೆಗೆ ಕಲ್ಲುಗಳನ್ನೇ ಎತ್ತಿ ನೋಡಲು ಹೊರಟಿದ್ದೀರಿ. ನಾನೂ ಹಿಡಿದದ್ದು ಅದೇ ದಾರಿ. ಒಂದು ಬೆಳಿಗ್ಗೆ ತಟ್ಟೆಯಷ್ಟು ಅಗಲದ ಚಪ್ಪಟೆ ಕಲ್ಲನ್ನು ಎತ್ತಿದಾಗ ಹಾವುರಾಣಿಯೊಂದು ಹೊಳೆದು ಮರೆಯಾಯಿತು. ಅದು ಮಲಗಿದ್ದ ಪುಟ್ಟ ಗುಳಿಯಲ್ಲಿ 4 ಬಿಳಿಯ ಮೊಟ್ಟೆಗಳಿದ್ದವು. ಫೋಟೊ ತೆಗೆದು, ಕಲ್ಲನ್ನು ಮರಳಿ ಇಟ್ಟು ಹೊರಟೆ.

ತಪ್ಪಾದದ್ದು ಕಲ್ಲನ್ನು ಮರಳಿ ಇಟ್ಟ ರೀತಿಯಲ್ಲಿ. ವರ್ಷಗಟ್ಟಲೆ ಒಂದೇ ಕಡೆ ಕುಳಿತ ಕಲ್ಲು ಮಣ್ಣನ್ನು ಕಚ್ಚಿಕೊಂಡು, ಅಂಚುಗಳನ್ನೆಲ್ಲ ಮುಚ್ಚಿ, ಅಡಿಯ ತೇವವನ್ನು ಹಿಡಿದಿಟ್ಟಿರುತ್ತದೆ. ನಾನು ಅದನ್ನು ಹಳೆಯ ಅಚ್ಚಿನಲ್ಲೇ ಕೂರಿಸದೆ ಅಂದಾಜಿನ ಮೇಲೆ ಇಟ್ಟಿದ್ದೆ. ಒಂದು ಬದಿಯಲ್ಲಿ ಬೆರಳು ತೂರುವಷ್ಟು ಸಂದು ಉಳಿದಿತ್ತು. ಹಾವುರಾಣಿಯ ಮೊಟ್ಟೆಗೆ ಕೋಳಿಮೊಟ್ಟೆಯಂತೆ ಗಟ್ಟಿ ಚಿಪ್ಪಿರುವುದಿಲ್ಲ. ಅದರ ತೊಗಲಿನಂಥ ಹೊದಿಕೆ ಹಸಿ ಮಣ್ಣಿನಿಂದ ನೀರನ್ನು ಹೀರಿಕೊಳ್ಳುತ್ತದೆ, ಮಣ್ಣು ಒಣಗಿದರೆ ಒಳಗಿದ್ದ ನೀರನ್ನೂ ಕಳೆದುಕೊಳ್ಳುತ್ತದೆ. 10 ದಿನ ಬಿಟ್ಟು ಹೋದಾಗ ಸಂದಿನೊಳಗೆ ಬಿಸಿಲು ಬಿದ್ದಿತ್ತು, ಮಣ್ಣು ಪುಡಿಪುಡಿಯಾಗಿತ್ತು, 4 ಮೊಟ್ಟೆಗಳೂ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದ್ದವು. ಆ ಸಂದನ್ನು ಮುಚ್ಚಲು ನನಗೆ ಅರ್ಧ ನಿಮಿಷ ಸಾಕಿತ್ತು.

ಆದ್ದರಿಂದ ಎಂಥ ಕಲ್ಲನ್ನು ಎತ್ತಬೇಕೆಂದು ನಾನು ಹೇಳುವುದಿಲ್ಲ. ಕಲ್ಲು ಎತ್ತುವುದನ್ನೇ ಬಿಡಿ ಎನ್ನುತ್ತೇನೆ. ನಿಮಗೆ ಏನೂ ಕಾಣದಿರುವುದಕ್ಕೆ ನಿಮ್ಮ ಅಲೆದಾಟವೇ ಕಾರಣವೆಂದು ನನ್ನ ನಂಬಿಕೆ. ಹಾವಿಗೆ ಹೊರಗಿವಿ ಇಲ್ಲದಿದ್ದರೂ ನೆಲದ ಅದುರು ದವಡೆಯ ಮೂಲಕ ಅದರ ಒಳಗಿವಿಯನ್ನು ಮುಟ್ಟುತ್ತದೆ. ನೀವು ತಲುಪುವಷ್ಟರಲ್ಲಿ ಅದು ಸರಿದುಹೋಗಿರುತ್ತದೆ. ಈ ಜೀವಿಗಳು ಮೈ ಕಾಯಿಸಿಕೊಳ್ಳಲು ಹೊರಗಿನ ಶಾಖವನ್ನೇ ನೆಚ್ಚಿರುವುದರಿಂದ, ತಂಪಾದ ರಾತ್ರಿಯ ಮರುದಿನ, ಎಳೆಬಿಸಿಲು ಮೊದಲು ಬೀಳುವ ಬಿರುಕುಬಂಡೆಯ ಎದುರು, ನಿಮ್ಮ ನೆರಳು ಅದರ ಮೇಲೆ ಬೀಳದಂತೆ, ಅರ್ಧ ಗಂಟೆಯಾದರೂ ಕದಲದೆ ಕುಳಿತುಕೊಳ್ಳಿ. ಮೊದಲು ಬಿರುಕಿನಿಂದ ಹಾವುರಾಣಿಯ ಮೂತಿಯಷ್ಟೇ ಹೊರಗೆ ಬರುತ್ತದೆ. ಬಹಳ ಹೊತ್ತಿನ ಮೇಲೆ ಮುಂಗಾಲು, ಆಮೇಲೆ ಇಡೀ ಮೈ. ಪಕ್ಕೆಲುಬುಗಳನ್ನು ಅಗಲಿಸಿ, ಹೊಟ್ಟೆಯನ್ನು ಕಲ್ಲಿಗೊತ್ತಿ, ಅದು ಬಿಸಿಲಿಗೆ ಮೈಯೊಡ್ಡಿ ಮಲಗುವುದನ್ನು ಕಂಡವರಿಗೆ ಕಲ್ಲಿನಡಿಯಿಂದ ಓಡುವ ಬಾಲ ನೋಡುವ ಆಸೆ ಉಳಿಯುವುದಿಲ್ಲ.

ಹಾವು ಬಂದರೆ ಎದ್ದು ಹತ್ತಿರ ಹೋಗಬೇಡಿ. ವಿಷವಿಲ್ಲದ ಹಾವನ್ನೇ ಹೋಲುವ ವಿಷದ ಹಾವುಗಳಿವೆ. ಗುರುತು ಹಿಡಿಯುವುದೇನಿದ್ದರೂ ದೂರದಿಂದಲೇ ಆಗಲಿ. ಹಣ ಖರ್ಚು ಮಾಡುವುದಾದರೆ ಕೊಕ್ಕೆಗೋಲಿಗೆ ಬೇಡ, 2 ಮೀಟರ್ ಸಮೀಪದ ವಸ್ತುವನ್ನೂ ಸ್ಪಷ್ಟವಾಗಿ ತೋರಿಸುವ ದುರ್ಬೀನಿಗೆ ಮಾಡಿ.